ಬಿಳಿಯಾದರೆ ಸಾಲದು, ಬೀಳಬಾರದು

(ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತುಗಳ ಬರಹ ರೂಪ)



ನಿಮ್ಮ ಮನೆಯ ಅಟ್ಟದ ಮೇಲಿನ ಸಾಮಾನನ್ನು ಕೊನೆಯ ಸಲ ಪೂರ್ತಿ ಕೆಳಗಿಳಿಸಿ ನೋಡಿದ್ದು ಯಾವಾಗ, ನೆನಪಿದೆಯೇ? ಮುಂಬಯಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಸಂಸಾರ ಮಾಡಿದವರಿಗೆ ಅಟ್ಟವೆಂದರೆ ಇನ್ನೊಂದು ಊರಿದ್ದಂತೆ. ಬೇಕಾದದ್ದು, ಬೇಡವಾದದ್ದು, ಬಿಸಾಡಲು ಮನಸ್ಸು ಬಾರದ್ದು ಎಲ್ಲವೂ ಅಲ್ಲಿ ಒಟ್ಟಿಗೇ ವಾಸ ಮಾಡುತ್ತವೆ. ನಮ್ಮ ಮನೆಯ ಅಟ್ಟದಲ್ಲಿ ಅಂಥದೊಂದು ದೊಡ್ಡ ರಟ್ಟಿನ ಪೆಟ್ಟಿಗೆ ಇದೆ. ಇವತ್ತಿನ ನನ್ನ ಮಾತು ಆ ಪೆಟ್ಟಿಗೆಯ ಬಗ್ಗೆ.

ಅದರೊಳಗೆ ಇರುವುದು ಮದುವೆಯ ಕೇಕಿನ ಸಾಮಾನು. ಹೂವಿನ ಎಸಳಿನಂಥ ಅಂಚಿರುವ ಆರು ಪ್ಲಾಸ್ಟಿಕ್ ತಟ್ಟೆಗಳು, ಗೀರುಗೀರಾಗಿರುವ ಹನ್ನೆರಡು ಕಂಬಗಳು, ಒಂದು ಸಣ್ಣ ಕಮಾನು, ಎರಡು ಗಂಟೆ, ಒಂದು ಜೋಡಿ ಪಾರಿವಾಳ, ತುದಿಯಲ್ಲಿ ನಿಲ್ಲಿಸುವ ಮದುಮಗ ಮದುಮಗಳ ಗೊಂಬೆ, ಹೂವು ಕತ್ತರಿಸುವ ಕಟರುಗಳು, ಕೇಕು ತಿರುಗಿಸುವ ಟರ್ನ್‌ಟೇಬಲ್. ಇದನ್ನೆಲ್ಲ ನನ್ನ ಅತ್ತೆಯವರು 1978ರಲ್ಲಿ ಕ್ರಾಫರ್ಡ್ ಮಾರ್ಕೆಟಿನಲ್ಲಿ ಕೊಂಡರು. ಮಾವನವರ ಬೋನಸ್ ಬಂದ ತಿಂಗಳು. ಮನೆಗೊಂದು ಕಬ್ಬಿಣದ ಕಪಾಟು ಬೇಕೆಂದು ಮಾವ ಅಂದುಕೊಂಡಿದ್ದರಂತೆ. ಬಂದದ್ದು ಕೇಕಿನ ಕಂಬಗಳು.

ನಮ್ಮ ದಕ್ಷಿಣ ಕನ್ನಡದ ಕ್ರೈಸ್ತ ಮನೆಗಳ ಮದುವೆಯಲ್ಲಿ ಕೇಕು ಕತ್ತರಿಸುವ ಶಾಸ್ತ್ರ ಇಲ್ಲದೆ ಊಟಕ್ಕೆ ಎಲೆ ಬೀಳುವುದಿಲ್ಲ. ಆ ಕಾಲಕ್ಕೆ ಮುಂಬಯಿಯಲ್ಲಿದ್ದ ನಮ್ಮವರು ಎಷ್ಟೋ ಜನ ಅತ್ತೆಯವರ ಹತ್ತಿರ ಬರುತ್ತಿದ್ದರು. ದುಡ್ಡು ಇದ್ದವರು ಕೇಕನ್ನೇ ಮಾಡಿಸುತ್ತಿದ್ದರು. ಇಲ್ಲದವರು ತಾವೇ ಕೇಕು ಮಾಡಿಕೊಂಡು ಕಂಬ, ತಟ್ಟೆ ಮಾತ್ರ ಎರಡು ದಿನಕ್ಕೆ ಬಾಡಿಗೆಗೆ ಒಯ್ಯುತ್ತಿದ್ದರು. ಆ ಬಾಡಿಗೆ ದುಡ್ಡು ನನ್ನ ಯಜಮಾನರ ಶಾಲೆಯ ಫೀಸಿಗೆ ಹೋಗುತ್ತಿತ್ತು ಅಂತ ಅವರೇ ಹೇಳುತ್ತಾರೆ. ಆದ್ದರಿಂದ ಅದು ಬರೀ ಪ್ಲಾಸ್ಟಿಕ್ ಅಲ್ಲ, ನಮ್ಮ ಮನೆಗೆ ಅನ್ನ ಹಾಕಿದ ಸಾಮಾನು.

ಆದರೆ ಬಿಳಿ ಹಾಲಿನಂತಿದ್ದ ಆ ಸೆಟ್ಟು ಈಗ ಹಳೆಯ ಪಿಯಾನೋದ ಕೀಲಿಗಳ ಹಾಗೆ ಹಳದಿ ಹಿಡಿದಿದೆ. ನಿಮ್ಮಲ್ಲೂ ಯಾರಾದರೂ ಮನೆಯಲ್ಲಿ ಕೇಕು ಮಾಡುವವರಿದ್ದರೆ ಈ ಸಂಕಟ ಗೊತ್ತಿರುತ್ತದೆ. ಕೇಕು ಮಾಡದವರ ಮನೆಯಲ್ಲೂ ಹಳದಿಯಾದ ಮಿಕ್ಸರ್, ಹಳದಿಯಾದ ಸ್ವಿಚ್‌ಬೋರ್ಡು, ಹಳದಿಯಾದ ಡಬ್ಬಿ ಇದ್ದೇ ಇರುತ್ತದೆ. ಇದನ್ನು ಮತ್ತೆ ಬಿಳಿ ಮಾಡಬಹುದೇ? ಮಾಡಬಹುದು, ಬಹುಮಟ್ಟಿಗೆ. ಆದರೆ ಅದರಲ್ಲಿ ಒಂದು ಮೋಸ ಇದೆ. ಆ ಮೋಸಕ್ಕೆ ನಾನೇ ಒಮ್ಮೆ ಬಿದ್ದಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು, ಹಳದಿ ಯಾಕಾಗುತ್ತದೆ?

ಮದುವೆಯ ಕೇಕಿಗೂ ಬಿಳಿ ಬಣ್ಣಕ್ಕೂ ಹಳೆಯ ನಂಟು. 1840ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮದುವೆಯ ಬಿಳಿ ಕೇಕು ಹೆಸರು ಮಾಡಿತು. ಮೊಟ್ಟೆಯ ಬಿಳಿ ಭಾಗ ಮತ್ತು ಪುಡಿಸಕ್ಕರೆಯಿಂದ ಮಾಡುವ ಗಟ್ಟಿ ಐಸಿಂಗಿಗೆ ಇಂದಿಗೂ ‘ರಾಯಲ್ ಐಸಿಂಗ್’ ಎಂದೇ ಹೆಸರು. ಅಂತಸ್ತಿನ ಮೇಲೆ ಅಂತಸ್ತು ಏರಿಸಲು ಇಂಗ್ಲಿಷರು ಪ್ಲಾಸ್ಟರ್ ಕಂಬಗಳನ್ನು ಬಳಸುತ್ತಿದ್ದರು. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕು 1930ರ ದಶಕದಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ತಯಾರಾಗತೊಡಗಿತು. ಎರಡನೆಯ ಮಹಾಯುದ್ಧದ ನಂತರ ಅಗ್ಗದ, ಹಗುರವಾದ ಪ್ಲಾಸ್ಟಿಕ್ ಕಂಬಗಳು ಪ್ಲಾಸ್ಟರಿನ ಜಾಗವನ್ನು ಹಿಡಿದವು. ಅವೇ ನಮ್ಮ ಕ್ರಾಫರ್ಡ್ ಮಾರ್ಕೆಟಿನ ತನಕ ಬಂದವು.

ಈ ಪಾಲಿಸ್ಟೈರೀನ್ ನೋಡಲು ಹೊಳಪು, ಮುಟ್ಟಲು ಗಟ್ಟಿ, ಆದರೆ ಗಾಜಿನ ಹಾಗೆ ಬಿರುಸು. ಪ್ಲಾಸ್ಟಿಕ್ಕೆಂದರೆ ಉದ್ದುದ್ದ ಸರಪಳಿಗಳ ಹೆಣಿಗೆ ಎಂದುಕೊಳ್ಳಿ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಎರಡೂ ಸೇರಿ ಆ ಸರಪಳಿಯನ್ನು ಅಲ್ಲಲ್ಲಿ ಕಡಿಯುತ್ತವೆ. ಕಡಿದ ಜಾಗದಲ್ಲಿ ಹೊಸ ರಚನೆಗಳು ಹುಟ್ಟಿಕೊಳ್ಳುತ್ತವೆ. ಅವು ಬೆಳಕಿನ ನೀಲಿ ಅಂಶವನ್ನು ನುಂಗುತ್ತವೆ. ನೀಲಿ ಹೋದ ಮೇಲೆ ನಮ್ಮ ಕಣ್ಣಿಗೆ ಉಳಿಯುವುದು ಹಳದಿ. ಶಾಖ ಇದ್ದರೆ ಈ ಕೆಲಸ ಇನ್ನೂ ಬೇಗ. ಕೆಲವು ಪ್ಲಾಸ್ಟಿಕ್ಕುಗಳು ಕತ್ತಲಲ್ಲಿಟ್ಟರೂ ಹಳದಿಯಾಗುತ್ತವೆ. ಪ್ಲಾಸ್ಟಿಕ್ಕು ಕೆಡಬಾರದೆಂದು ಅದರಲ್ಲಿ ಬೆರೆಸಿರುವ ರಕ್ಷಕ ವಸ್ತುವೇ ಬಣ್ಣ ಬದಲಿಸುವುದು ಇದಕ್ಕೆ ಒಂದು ಕಾರಣ.

ಹಾಗಾಗಿ ಕೈ ಹಾಕುವ ಮೊದಲು ನಿಮ್ಮ ಸಾಮಾನಿನ ಹಳದಿ ಯಾವ ಜಾತಿಯದು ಎಂದು ತಿಳಿಯಬೇಕು. ಅದರಲ್ಲಿ ಮೂರು ಬಗೆ.

ಮೊದಲನೆಯದು ಮೇಲೆ ಕೂತ ಕೊಳೆ. ಅಡುಗೆಮನೆಯ ಒಗ್ಗರಣೆಯ ಜಿಡ್ಡು, ಹೊಗೆ, ಹಳೆಯ ಐಸಿಂಗಿನ ಸಕ್ಕರೆ ಪದರ. ಮುಟ್ಟಿದರೆ ಬೆರಳಿಗೆ ಅಂಟಂಟು. ಎರಡನೆಯದು ಕಲೆ. ಐಸಿಂಗಿನ ಬಣ್ಣ, ಅರಿಸಿನದ ಕೈ, ಸುತ್ತಿಟ್ಟ ಪೇಪರಿನ ಶಾಯಿ. ಇದು ಒಂದು ಕಡೆ ಇದ್ದು ಇನ್ನೊಂದು ಕಡೆ ಇರುವುದಿಲ್ಲ. ಮೂರನೆಯದು ಪ್ಲಾಸ್ಟಿಕ್ಕಿಗೇ ವಯಸ್ಸಾದದ್ದು. ತಟ್ಟೆಯನ್ನು ಬೋರಲು ಹಾಕಿ, ಕಂಬ ಕೂರುವ ಗುಳಿಯ ಒಳಗೆ ನೋಡಿ. ಅಲ್ಲಿ ಬಿಳಿ, ಹೊರಗೆ ಹಳದಿ ಎಂದಾದರೆ ಅದು ಬೆಳಕಿನ ಕೆಲಸ. ಎಲ್ಲ ಕಡೆ ಒಂದೇ ಸಮ ಹಳದಿ ಎಂದಾದರೆ ಅದು ಶಾಖ ಮತ್ತು ವಯಸ್ಸಿನ ಕೆಲಸ.

ಒಂದು ಮಾತು ನೆನಪಿಡಿ. ಎಷ್ಟೋ ಸಲ ನಾವು ವಯಸ್ಸಿನ ಹಳದಿ ಎಂದುಕೊಂಡದ್ದು ಬರೀ ಜಿಡ್ಡು ಆಗಿರುತ್ತದೆ. ಆದ್ದರಿಂದ ಮೊದಲ ಮದ್ದು ಸಾಬೂನು, ನೀರು.

ತೊಳೆಯುವುದರಲ್ಲೂ ಒಂದು ಕ್ರಮ ಇದೆ. ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರು ಸಾಕು. ಕುದಿಯುವ ನೀರು ಬೇಡವೇ ಬೇಡ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಶಾಖಕ್ಕೆ ಮೆತ್ತಗಾಗುತ್ತದೆ. ತೆಳು ತಟ್ಟೆ ಅದಕ್ಕೂ ಮೊದಲೇ ಸೊಟ್ಟಗಾಗಬಹುದು. ಸೊಟ್ಟಗಾದ ತಟ್ಟೆಯ ಮೇಲೆ ಯಾವ ಕೇಕೂ ನೆಟ್ಟಗೆ ಕೂರುವುದಿಲ್ಲ. ಇನ್ನೊಂದು ಕಾರಣವೂ ಇದೆ. ರಾಯಲ್ ಐಸಿಂಗಿನಲ್ಲಿ ಮೊಟ್ಟೆಯ ಬಿಳಿ ಇದೆಯಲ್ಲ, ಬಿಸಿ ನೀರು ತಾಗಿದರೆ ಅದು ಬೆಂದು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿದರೆ ಸಕ್ಕರೆ ತಾನಾಗಿ ಕರಗುತ್ತದೆ. ಬೆಣ್ಣೆಯ ಐಸಿಂಗಾದರೆ ಪಾತ್ರೆ ತೊಳೆಯುವ ದ್ರವ ಸಾಬೂನು ನಾಲ್ಕು ಹನಿ ಹಾಕಿ. ಕಂಬದ ಗೀರುಗಳಿಗೆ, ತಟ್ಟೆಯ ಅಂಚಿಗೆ ಹಳೆಯ ಹಲ್ಲುಜ್ಜುವ ಬ್ರಶ್ಶು, ಅದೂ ಮೆತ್ತಗಿನದು. ಸ್ಟೀಲಿನ ನಾರು, ಹಸಿರು ಸ್ಕ್ರಬ್ಬರು ಹತ್ತಿರವೂ ತರಬೇಡಿ. ಅವು ಮಾಡಿದ ಗೀರಿನಲ್ಲಿ ಮುಂದಿನ ಸಲ ಕೊಳೆ ಇನ್ನೂ ಆಳವಾಗಿ ಕೂರುತ್ತದೆ.

ಕಲೆ ಉಳಿದರೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ, ಮೆತ್ತನೆ ಬಟ್ಟೆಯಲ್ಲಿ ಹಗುರವಾಗಿ ಉಜ್ಜಿ. ಮೊದಲು ತಟ್ಟೆಯ ತಳದಲ್ಲಿ ಉಜ್ಜಿ ನೋಡಿ, ಹೊಳಪು ಹೋಗುತ್ತದೆಯೇ ಎಂದು. ಅರಿಸಿನದ ಕಲೆಗೆ ಸೋಡಾಕ್ಕಿಂತ ಬಿಸಿಲು ಒಳ್ಳೆಯದು. ಅರಿಸಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಇದು ಬಿಳಿ ಬಟ್ಟೆ ಒಗೆಯುವ ಎಲ್ಲರಿಗೂ ಗೊತ್ತು.

ಇನ್ನು, ಮಾಡಬಾರದ್ದನ್ನು ಹೇಳುತ್ತೇನೆ. ನಮ್ಮಲ್ಲಿ ಏನೇ ಹೊಳೆಯಬೇಕಾದರೂ ನಿಂಬೆಹಣ್ಣಿನ ಹೋಳು ತೆಗೆದುಕೊಂಡು ಉಜ್ಜುವುದು ರೂಢಿ. ಹಿತ್ತಾಳೆ ದೀಪಕ್ಕೆ ಅದು ಸರಿ. ಪಾಲಿಸ್ಟೈರೀನಿಗೆ ಸರಿಯಲ್ಲ. ನಿಂಬೆಯ ರಸದಿಂದ ತೊಂದರೆ ಇಲ್ಲ, ತೊಂದರೆ ಇರುವುದು ಸಿಪ್ಪೆಯ ಎಣ್ಣೆಯಿಂದ. ಅದರಲ್ಲಿರುವ ಲಿಮೋನೀನ್ ಎಂಬ ವಸ್ತು ಪಾಲಿಸ್ಟೈರೀನನ್ನು ಕರಗಿಸುತ್ತದೆ. ನನ್ನ ನಾದಿನಿ ಒಮ್ಮೆ ಪ್ರೀತಿಯಿಂದ ಒಂದು ಪಾರಿವಾಳಕ್ಕೆ ಹೀಗೆ ನಿಂಬೆ ಹಚ್ಚಿ ಉಜ್ಜಿದಳು. ಪಾರಿವಾಳದ ರೆಕ್ಕೆಯ ಮೇಲೆ ಅವಳ ಹೆಬ್ಬೆಟ್ಟಿನ ಗುರುತು ಇವತ್ತಿಗೂ ಇದೆ. ಲವಂಗದ ಎಣ್ಣೆಯೂ ಹಾಗೆಯೇ. ಉಗುರು ಬಣ್ಣ ತೆಗೆಯುವ ದ್ರವ, ಥಿನ್ನರ್, ಪೆಟ್ರೋಲು, ಇವುಗಳ ಮಾತೇ ಬೇಡ.

ಬಟ್ಟೆಗೆ ಹಾಕುವ ಬ್ಲೀಚಿನಲ್ಲಿ ಅದ್ದಿದರೆ ಬಿಳಿಯಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ಪ್ಲಾಸ್ಟಿಕ್ಕಿನ ಹಳದಿಯನ್ನು ಹೆಚ್ಚಿಸುವುದೂ ಉಂಟು. ಅದರ ಜೊತೆಗೆ ವಿನೆಗರ್, ನಿಂಬೆರಸ ಅಥವಾ ಬೇರೆ ಯಾವುದೇ ಆಮ್ಲ ಸೇರಿದರೆ ಕ್ಲೋರಿನ್ ಎಂಬ ವಿಷಗಾಳಿ ಹುಟ್ಟುತ್ತದೆ. ನಮ್ಮ ಮುಂಬಯಿಯ ಕಿಟಕಿಯಿಲ್ಲದ ಮೋರಿಯಲ್ಲಿ ಅದು ಪ್ರಾಣಕ್ಕೇ ಸಂಚಕಾರ. ದಯವಿಟ್ಟು ಒಂದಕ್ಕೊಂದು ಬೆರೆಸುವ ಪ್ರಯೋಗ ಮಾಡಬೇಡಿ.

ತೊಳೆದೂ ಹೋಗದ ಹಳದಿಗೆ, ಅಂದರೆ ವಯಸ್ಸಿನ ಹಳದಿಗೆ, ಮದ್ದು ಹೈಡ್ರೋಜನ್ ಪೆರಾಕ್ಸೈಡ್. ಗಾಯ ತೊಳೆಯಲು ಔಷಧಿ ಅಂಗಡಿಯಲ್ಲಿ ಸಿಗುವ ಅದೇ ನೀರಿನಂಥ ಔಷಧಿ. ‘20 ವಾಲ್ಯೂಮ್’ ಎಂದು ಬರೆದಿರುವುದು ಸುಮಾರು 6 ಶೇಕಡಾ ಸಾಂದ್ರತೆಯದು. ಅಷ್ಟು ಸಾಕು. ಪಾರ್ಲರುಗಳಲ್ಲಿ ಸಿಗುವ ಇನ್ನೂ ತೀಕ್ಷ್ಣವಾದದ್ದು ಚರ್ಮ ಸುಡುತ್ತದೆ, ನಮ್ಮ ಕೆಲಸಕ್ಕೆ ಅದು ಬೇಡ. ಹಳೆಯ ಕಂಪ್ಯೂಟರು ಕೂಡಿಡುವ ಹವ್ಯಾಸದವರು 2008ರ ಸುಮಾರಿಗೆ ಈ ಉಪಾಯವನ್ನು ಪ್ರಚಾರಕ್ಕೆ ತಂದರು. ಹಳದಿಯಾದ ಕೀಬೋರ್ಡುಗಳನ್ನು ಪೆರಾಕ್ಸೈಡಿನಲ್ಲಿ ಅದ್ದಿ ಬಿಸಿಲಿಗಿಟ್ಟು ಅವರು ಬಿಳಿ ಮಾಡಿದರು. ಆ ಕಂಪ್ಯೂಟರುಗಳ ಪ್ಲಾಸ್ಟಿಕ್ಕು ಎಬಿಎಸ್ ಎಂಬ ಜಾತಿಯದು. ನಮ್ಮ ಕೇಕಿನ ಪಾಲಿಸ್ಟೈರೀನ್ ಅದರ ದಾಯಾದಿ. ಇದರಲ್ಲೂ ಗುಣ ಕಾಣುತ್ತದೆ, ಆದರೆ ಪ್ರತಿ ತುಂಡೂ ಒಂದೇ ಸಮ ಬಿಳಿಯಾಗುತ್ತದೆಂದು ಹೇಳಲಾಗದು.

ನಿಮ್ಮದು ಯಾವ ಪ್ಲಾಸ್ಟಿಕ್ಕು ಎಂದು ತಿಳಿಯುವುದು ಹೇಗೆ? ತಳದಲ್ಲಿ ತ್ರಿಕೋನದೊಳಗೆ 6 ಎಂದಿದ್ದರೆ ಪಾಲಿಸ್ಟೈರೀನ್, 5 ಎಂದಿದ್ದರೆ ಪಾಲಿಪ್ರೊಪಿಲೀನ್. ಈ ಅಂಕಿಗಳ ಪದ್ಧತಿ ಬಂದದ್ದೇ 1988ರಲ್ಲಿ. ಅದಕ್ಕಿಂತ ಹಳೆಯ ಸಾಮಾನಿನಲ್ಲಿ ಅದು ಇರುವುದಿಲ್ಲ. ಆಗ ಉಗುರಿನಿಂದ ತಟ್ಟಿ ನೋಡಿ. ಪಾಲಿಸ್ಟೈರೀನ್ ‘ಟಿಣ್’ ಎಂದು ಲೋಹದ ಹಾಗೆ ಸದ್ದು ಮಾಡುತ್ತದೆ. ಪಾಲಿಪ್ರೊಪಿಲೀನ್ ಮತ್ತು ಪಾಲಿಥೀನ್ ‘ದಪ್’ ಎನ್ನುತ್ತವೆ. ಒಡೆದ ಚೂರು ಇದ್ದರೆ ನೀರಿಗೆ ಹಾಕಿ. ಪಾಲಿಪ್ರೊಪಿಲೀನ್, ಪಾಲಿಥೀನ್ ತೇಲುತ್ತವೆ, ಪಾಲಿಸ್ಟೈರೀನ್ ನಿಧಾನವಾಗಿ ಮುಳುಗುತ್ತದೆ.

ಈಗ ವಿಧಾನ. ಒಂದು ಪ್ಲಾಸ್ಟಿಕ್ ಟಬ್ಬು ತೆಗೆದುಕೊಳ್ಳಿ, ಪಾರದರ್ಶಕವಾದರೆ ಒಳ್ಳೆಯದು. ಲೋಹದ ಪಾತ್ರೆ ಬೇಡ, ಲೋಹ ತಾಗಿದರೆ ಪೆರಾಕ್ಸೈಡು ಬೇಗ ಸತ್ತುಹೋಗುತ್ತದೆ. ಕೈಗೆ ರಬ್ಬರ್ ಗ್ಲೌಸು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ತೊಳೆದು ಒಣಗಿಸಿದ ಸಾಮಾನು ಪೂರ್ತಿ ಮುಳುಗುವಷ್ಟು ದ್ರವ ಇರಬೇಕು. ಅರ್ಧ ಮುಳುಗಿ ಅರ್ಧ ಹೊರಗಿದ್ದರೆ ನಡುವೆ ಗೆರೆ ಬೀಳುತ್ತದೆ. ಆ ಗೆರೆಯನ್ನು ಆಮೇಲೆ ಯಾವ ದೇವರೂ ಅಳಿಸಲಾರ. ಕಂಬದೊಳಗೆ ಗಾಳಿ ಸಿಕ್ಕಿಕೊಂಡು ತೇಲಿದರೆ ಓರೆ ಮಾಡಿ ಗಾಳಿ ಬಿಡಿ, ಮೇಲೆ ಒಂದು ಗಾಜಿನ ತಟ್ಟೆ ಹೇರಿ. ಟಬ್ಬನ್ನು ಬಾಲ್ಕನಿಯ ಬಿಸಿಲಿಗೆ ಇಡಿ. ಗಂಟೆಗೊಮ್ಮೆ ಸಾಮಾನು ಮಗ್ಗುಲು ಬದಲಿಸಿ. ಮುಚ್ಚಳ ಗಟ್ಟಿಯಾಗಿ ಹಾಕಬೇಡಿ, ಆಮ್ಲಜನಕ ಹೊರಬರುತ್ತಿರುತ್ತದೆ, ಒತ್ತಡ ಹೆಚ್ಚಿ ಮುಚ್ಚಳ ಸಿಡಿಯಬಹುದು. ಒಲೆಯ ಮೇಲಿಟ್ಟು ಕಾಯಿಸುವುದಂತೂ ಸರ್ವಥಾ ಕೂಡದು. ಮಕ್ಕಳು, ಬೆಕ್ಕು ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.

ನಾಲ್ಕು ಗಂಟೆಗೆ ವ್ಯತ್ಯಾಸ ಕಂಡೀತು, ಕೆಲವಕ್ಕೆ ಎರಡು ಮೂರು ದಿನದ ಬಿಸಿಲು ಬೇಕು. ಮುಂಬಯಿಯವರಿಗೆ ಮಳೆಗಾಲದಲ್ಲಿ ಇದು ಸಾಧ್ಯವಿಲ್ಲ. ನಾವೆಲ್ಲ ಬಯ್ಯುವ ಅಕ್ಟೋಬರ್ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಡಿಸೆಂಬರಿನ ಮದುವೆಗಳಿಗೆ ಮೊದಲು ಸಿಗುವ ಬಿಸಿಲೂ ಅದೇ. ಬೇಕಾದಷ್ಟು ಬಿಳಿಯಾದ ಕೂಡಲೇ ತೆಗೆದು ಮೂರು ನಾಲ್ಕು ನೀರಿನಲ್ಲಿ ತೊಳೆಯಿರಿ. ಉಳಿದ ದ್ರವವನ್ನು ಮತ್ತೆ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿಡಬೇಡಿ. ಧಾರಾಳ ನೀರು ಬೆರೆಸಿ ಮೋರಿಗೆ ಬಿಡಿ. ಚಿನ್ನದ ಬಣ್ಣದ ಅಂಚು, ಗೊಂಬೆಯ ಮುಖ, ಬಟ್ಟೆಯ ಹೂವು, ಇವುಗಳನ್ನು ಪೆರಾಕ್ಸೈಡಿಗೆ ಹಾಕಬೇಡಿ. ಮದುಮಗಳ ತುಟಿಯ ಬಣ್ಣ ಹೋದರೆ ಗೊಂಬೆ ರೋಗಿಯ ಹಾಗೆ ಕಾಣುತ್ತದೆ.

ಇಷ್ಟು ಹೇಳಿದ ಮೇಲೆ ಆ ಮೋಸದ ಕಥೆ ಹೇಳಬೇಕು.

2016ರ ಡಿಸೆಂಬರು. ನಮ್ಮ ದೂರದ ಸಂಬಂಧಿಕರ ಮಗನ ಮದುವೆ. ಮೂರು ಅಂತಸ್ತಿನ ಕೇಕು ನಾನು ಮಾಡಬೇಕು, ಅತ್ತೆಯವರ ಸೆಟ್ಟಿನಲ್ಲೇ ನಿಲ್ಲಿಸಬೇಕು ಎಂದು ಹುಡುಗನ ತಾಯಿಯ ಆಸೆ. ಯಾಕೆಂದರೆ ಅವರ ಮದುವೆಯ ಕೇಕೂ ಅದೇ ಕಂಬಗಳ ಮೇಲೆ ನಿಂತಿತ್ತು. ಅಕ್ಟೋಬರಿನಲ್ಲೇ ನಾನು ಹನ್ನೆರಡೂ ಕಂಬಗಳನ್ನು ಪೆರಾಕ್ಸೈಡಿನಲ್ಲಿ ಅದ್ದಿ ಮೂರು ದಿನ ಬಿಸಿಲಿಗಿಟ್ಟೆ. ಏನು ಹೇಳಲಿ, ಮಲ್ಲಿಗೆ ಮೊಗ್ಗಿನ ಹಾಗಾದವು! ಅಕ್ಕಪಕ್ಕದವರನ್ನು ಕರೆದು ತೋರಿಸಿದೆ. ಅತ್ತೆಯವರು ಮಾತ್ರ ಒಂದು ಕಂಬವನ್ನು ಕೈಯಲ್ಲಿ ತಿರುಗಿಸಿ ನೋಡಿ, “ಬಿಳಿ ಏನೋ ಆಯಿತು. ಭಾರ ಹೊರುತ್ತದೋ ನೋಡಿದ್ದೀಯಾ?” ಎಂದು ಕೇಳಿದರು. ನಾನು ನಕ್ಕು ಸುಮ್ಮನಾದೆ. ಹೊಸದರ ಹಾಗೆ ಕಾಣುವಾಗ ಪರೀಕ್ಷೆ ಯಾಕೆ ಎಂದು ನನ್ನ ಲೆಕ್ಕ.

ಮದುವೆಯ ದಿನ ಹಾಲಿನಲ್ಲಿ ಕೆಳಗಿನ ಕೇಕು ಇಟ್ಟು, ನಾಲ್ಕು ಕಂಬ ನಿಲ್ಲಿಸಿ, ಎರಡನೆಯ ಅಂತಸ್ತು ಕೂರಿಸಿದೆ. ಕೈ ಬಿಟ್ಟ ಎರಡು ನಿಮಿಷಕ್ಕೆ ‘ಟಕ್’ ಎಂದು ಒಂದು ಸದ್ದು. ಕಂಬದ ಬುಡದಲ್ಲಿ ಕೂದಲಿನಷ್ಟು ತೆಳ್ಳಗಿನ ಒಂದು ಬಿರುಕು ಮೇಲಕ್ಕೆ ಓಡಿತು. ತಟ್ಟೆ ವಾಲಿತು. ನಾನೂ ನನ್ನ ಮಗಳೂ ಎರಡು ಕಡೆಯಿಂದ ಹಿಡಿದುಕೊಂಡದ್ದರಿಂದ ಕೇಕು ಉಳಿಯಿತು, ಒಂದು ಬದಿಯ ಐಸಿಂಗು ಮಾತ್ರ ನನ್ನ ಸೀರೆಗೆ ಬಂತು. ಮದುಮಕ್ಕಳು ಚರ್ಚಿನಿಂದ ಹೊರಟಾಗಿತ್ತು. ಅರ್ಧ ಗಂಟೆ ಇತ್ತೋ ಇಲ್ಲವೋ.

ಆಗ ನನ್ನ ಮಗಳು ಹಾಲಿನ ಅಡುಗೆಮನೆಗೆ ಓಡಿ ಒಂದೇ ಎತ್ತರದ ನಾಲ್ಕು ಸ್ಟೀಲ್ ಲೋಟ ತಂದಳು. ಅವನ್ನು ಬೋರಲು ಹಾಕಿ, ಬಿಳಿ ಸ್ಯಾಟಿನ್ ರಿಬ್ಬನ್ನು ಸುತ್ತಿ, ಅವುಗಳ ಮೇಲೆ ಎರಡನೆಯ ಅಂತಸ್ತು ನಿಲ್ಲಿಸಿದೆವು. ಮೂರನೆಯದಕ್ಕೂ ಹಾಗೆಯೇ. ಬಂದವರು ಯಾರಿಗೂ ಗೊತ್ತಾಗಲಿಲ್ಲ. ಫೋಟೋದಲ್ಲೂ ಚೆನ್ನಾಗಿಯೇ ಬಂದಿದೆ. ಅತ್ತೆಯವರಿಗೆ ಮಾತ್ರ ಗೊತ್ತಾಯಿತು. ಗಾಲಿಕುರ್ಚಿಯಲ್ಲಿ ಕೂತೇ ಕೇಕಿನತ್ತ ನೋಡಿ, ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು: “ಬಿಳಿ ಆಗದಿದ್ದರೆ ಅಡ್ಡಿ ಇಲ್ಲ ಮಗಾ, ಬೀಳದಿದ್ದರೆ ಸಾಕು.”

ಆ ರಾತ್ರಿ ಮನೆಗೆ ಬಂದು ಉಳಿದ ಕಂಬಗಳನ್ನು ದೀಪಕ್ಕೆ ಹಿಡಿದು ನೋಡಿದೆ. ಹನ್ನೊಂದರಲ್ಲಿ ಐದಕ್ಕೆ ಬುಡದಲ್ಲಿ ಜೇಡರ ಬಲೆಯಂಥ ಸಣ್ಣ ಬಿರುಕುಗಳಿದ್ದವು. ಅವು ಅಕ್ಟೋಬರಿನಲ್ಲೂ ಇದ್ದಿರಬೇಕು. ಬಿಳುಪು ನೋಡಿ ಮರುಳಾದ ನಾನು ಬಿರುಕು ನೋಡಲಿಲ್ಲ.

ಇದೇ ಆ ಮೋಸ. ಪೆರಾಕ್ಸೈಡು ಮೇಲ್ಮೈಯ ಹಳದಿ ಬಣ್ಣವನ್ನು ಮಾತ್ರ ತೆಗೆಯುತ್ತದೆ. ಕಡಿದುಹೋದ ಸರಪಳಿಯನ್ನು ಮತ್ತೆ ಜೋಡಿಸುವುದಿಲ್ಲ. ತಲೆಗೂದಲಿಗೆ ಕಪ್ಪು ಬಣ್ಣ ಹಚ್ಚಿದರೆ ಮೊಣಕಾಲು ನೋವು ಹೋಗುತ್ತದೆಯೇ? ಇದೂ ಹಾಗೆಯೇ. ಅಷ್ಟೇ ಅಲ್ಲ, ಹಳದಿ ಎಂಬುದು ಒಂದು ಎಚ್ಚರಿಕೆ. ‘ನನಗೆ ವಯಸ್ಸಾಗಿದೆ, ಮೆಲ್ಲಗೆ ಮುಟ್ಟು’ ಎಂದು ಪ್ಲಾಸ್ಟಿಕ್ಕು ಹೇಳುವ ಬಗೆ. ನಾವು ಅದನ್ನು ಅಳಿಸಿದಾಗ ಆ ಎಚ್ಚರಿಕೆಯನ್ನೂ ಅಳಿಸುತ್ತೇವೆ. ಹೆಚ್ಚು ದಿನ ಬಿಸಿಲಿಗಿಟ್ಟರೆ ಅದೇ ಬಿಸಿಲು ಪ್ಲಾಸ್ಟಿಕ್ಕನ್ನು ಇನ್ನಷ್ಟು ಬಿರುಸು ಮಾಡುತ್ತದೆ. ಹೋದ ಹಳದಿ ಕೆಲವು ತಿಂಗಳಲ್ಲೋ ವರ್ಷಗಳಲ್ಲೋ ಮತ್ತೆ ಬರುವುದೂ ಇದೆ.

ಆದ್ದರಿಂದ ಬಂಧುಗಳೇ, ಬಣ್ಣಕ್ಕಿಂತ ಮೊದಲು ಬಲ ನೋಡಿ. ಅದಕ್ಕೆ ನಾನು ಈಗ ಮಾಡುವ ಪರೀಕ್ಷೆ ಹೇಳುತ್ತೇನೆ.

ಪ್ರತಿ ಕಂಬವನ್ನೂ ದೀಪಕ್ಕೆ ಹಿಡಿದು ಬುಡ, ತುದಿ ನೋಡಿ. ಕೂದಲೆಳೆಯಂಥ ಬಿರುಕು ಕಂಡರೂ ಅದನ್ನು ಭಾರ ಹೊರುವ ಕೆಲಸದಿಂದ ನಿವೃತ್ತಿ ಮಾಡಿಸಿ. ಅಂಟು ಹಚ್ಚಿ ಮುಂದುವರಿಸಬೇಡಿ. ತಟ್ಟೆಯ ಗುಳಿಗಳ ಸುತ್ತ ಉಗುರು ಆಡಿಸಿ, ಬಿರುಕಿದ್ದರೆ ಉಗುರಿಗೆ ತಡೆಯುತ್ತದೆ. ನಾಲ್ಕು ಕಂಬಗಳೂ ಒಂದೇ ಎತ್ತರ ಇವೆಯೇ ಎಂದು ಕಲ್ಲಿನ ಕಟ್ಟೆಯ ಮೇಲೆ ನಿಲ್ಲಿಸಿ ನೋಡಿ.

ಆಮೇಲೆ ಭಾರದ ಪರೀಕ್ಷೆ. ಮೇಲಿನ ಅಂತಸ್ತುಗಳ ಒಟ್ಟು ತೂಕ ಎಷ್ಟು ಎಂದು ಅಂದಾಜು ಮಾಡಿ. ಐದು ಕಿಲೋ ಎಂದಿಟ್ಟುಕೊಳ್ಳಿ. ಅದರ ಒಂದೂವರೆ ಪಟ್ಟು, ಅಂದರೆ ಏಳೂವರೆ ಕಿಲೋ ಹೇರಬೇಕು. ಅದಕ್ಕೆ ತೂಕದ ಕಲ್ಲು ಹುಡುಕಬೇಕಾಗಿಲ್ಲ. ಐದು ಕಿಲೋ ಅಕ್ಕಿಯ ಚೀಲ, ಎರಡು ಕಿಲೋ ಸಕ್ಕರೆ, ಅರ್ಧ ಕಿಲೋ ರವೆ, ಇಷ್ಟು ಸಾಕು. ನೆಲದ ಮೇಲೆ ಕಂಬ ನಿಲ್ಲಿಸಿ, ತಟ್ಟೆ ಇಟ್ಟು, ಮೆಲ್ಲಗೆ ಹೇರಿ ರಾತ್ರಿಯಿಡೀ ಬಿಡಿ. ರಾತ್ರಿಯಿಡೀ ಯಾಕೆಂದರೆ ಹಳೆಯ ಪ್ಲಾಸ್ಟಿಕ್ಕು ಒಮ್ಮೆಲೇ ಮುರಿಯದೆ ನಿಧಾನವಾಗಿ ಸೋಲುತ್ತದೆ. ಬೆಳಿಗ್ಗೆ ಸೊಟ್ಟಗಾಗದೆ, ಬಿರುಕು ಬಿಡದೆ ನಿಂತಿದ್ದರೆ ಅದು ಪಾಸು. ನಿಲ್ಲದಿದ್ದರೆ, ಅಡುಗೆಮನೆಯ ನೆಲದ ಮೇಲೆ ಅಕ್ಕಿ ಚೆಲ್ಲಿದರೆ ಗುಡಿಸಿಕೊಳ್ಳಬಹುದು. ಮದುವೆ ಹಾಲಿನಲ್ಲಿ ಕೇಕು ಚೆಲ್ಲಿದರೆ ಮಾನ ಗುಡಿಸಲಾಗುವುದಿಲ್ಲ.

ಕಂಬ ಎಷ್ಟೇ ಗಟ್ಟಿಯಿದ್ದರೂ ಅದನ್ನು ಬರೀ ಕೇಕಿನ ಮೇಲೆ ಊರಬಾರದು. ಕೆಳಗಿನ ಕೇಕಿನೊಳಗೆ ತಳ ಮುಟ್ಟುವಂತೆ ಶುಚಿಯಾದ ಮರದ ಕಡ್ಡಿಗಳನ್ನು ಕೇಕಿನ ಎತ್ತರಕ್ಕೆ ಸಮ ಕತ್ತರಿಸಿ ನೆಡಬೇಕು. ಅವುಗಳ ಮೇಲೆ ತಟ್ಟೆ, ತಟ್ಟೆಯ ಮೇಲೆ ಕಂಬ ಬರಬೇಕು. ಭಾರ ಕೇಕಿಗೆ ಬೀಳದೆ ನೇರ ಮೇಜಿಗೆ ಇಳಿಯಬೇಕು.

ಇನ್ನೊಂದು ಮಾತು ಆರೋಗ್ಯದ್ದು. ಹಳೆಯ, ಗೀರು ಬಿದ್ದ ತಟ್ಟೆಯ ಮೇಲೆ ಕೇಕನ್ನು ನೇರವಾಗಿ ಇಡಬೇಡಿ. ಬಿರುಕಿನಲ್ಲಿ ಹಳೆಯ ಜಿಡ್ಡು, ಸೂಕ್ಷ್ಮಜೀವಿ ಉಳಿದಿರುತ್ತವೆ. ನಡುವೆ ಕೇಕಿನ ರಟ್ಟು ಇಡಿ. ಹಳದಿ ಮುಚ್ಚಲು ಡಬ್ಬಿಯ ಸ್ಪ್ರೇ ಬಣ್ಣ ಹೊಡೆಯುವವರಿದ್ದಾರೆ. ಅದರಲ್ಲಿರುವ ದ್ರಾವಕ ಪಾಲಿಸ್ಟೈರೀನನ್ನು ತಿನ್ನುತ್ತದೆ, ಬಣ್ಣ ಎದ್ದು ಕೇಕಿಗೂ ಬೀಳುತ್ತದೆ. ಅದರ ಬದಲು ರಿಬ್ಬನ್ನು ಸುತ್ತಿ, ತೆಳು ನೆಟ್ಟು ಬಟ್ಟೆ ಕಟ್ಟಿ.

ಸೆಟ್ಟಿನಲ್ಲಿ ನೀರಿನ ಕಾರಂಜಿ ಇರುವವರಿಗೆ ಒಂದು ಎಚ್ಚರಿಕೆ. ಅದರ ಬೋಗುಣಿ ತೊಳೆಯಬಹುದು, ಮೋಟಾರು ಇರುವ ಭಾಗ ನೆನೆಸಬಾರದು. ಹಳೆಯ ವಯರಿನ ಹೊದಿಕೆ ಗಟ್ಟಿಯಾಗಿ ಬಿರಿದಿದ್ದರೆ ಅದನ್ನು ಮುಟ್ಟಲೇಬೇಡಿ. ನೀರು, ಕರೆಂಟು, ಜರಿ ಸೀರೆ ಮೂರೂ ಒಂದೇ ಮೇಜಿನ ಹತ್ತಿರ ಸೇರುವುದು ಒಳ್ಳೆಯದಲ್ಲ.

ಕೊನೆಗೆ, ಕಾಪಿಡುವುದು. ಹಳದಿಯಾದ ಮೇಲೆ ಪಡುವ ಪಾಡಿಗಿಂತ ಹಳದಿಯಾಗದಂತೆ ಇಡುವುದು ಸುಲಭ. ಬಳಸಿದ ದಿನವೇ ತೊಳೆಯಿರಿ. ಕಂಬದ ಒಳಗಿನ ನೀರು ಪೂರ್ತಿ ಆರಲಿ, ನಮ್ಮ ಸಮುದ್ರದ ಊರಿನಲ್ಲಿ ಅದಕ್ಕೆ ಫ್ಯಾನಿನ ಕೆಳಗೆ ಒಂದು ಇಡೀ ದಿನ ಬೇಕು. ಸುತ್ತಲು ಹಳೆಯ ಹತ್ತಿ ಸೀರೆಯ ತುಂಡು ಅಥವಾ ಪಂಚೆ ಉತ್ತಮ. ನ್ಯೂಸ್‌ಪೇಪರು ಬೇಡ, ಅದರ ಶಾಯಿ ಹತ್ತುತ್ತದೆ. ತಿನ್ನುವ ಪದಾರ್ಥವನ್ನು ನ್ಯೂಸ್‌ಪೇಪರಿನಲ್ಲಿ ಕಟ್ಟಬಾರದೆಂದು 2018ರ ಆಹಾರ ಸುರಕ್ಷತೆಯ ನಿಯಮವೇ ಹೇಳುತ್ತದೆ. ಕೇಕಿನ ತಟ್ಟೆಗೂ ಅದೇ ನ್ಯಾಯ ಅನ್ವಯಿಸಿಕೊಳ್ಳಿ. ರಬ್ಬರ್ ಬ್ಯಾಂಡು ಹಾಕಬೇಡಿ, ಅದು ಕರಗಿ ಅಂಟಿ ಕಲೆ ಮಾಡುತ್ತದೆ. ಮೆತ್ತನೆ ಪ್ಲಾಸ್ಟಿಕ್ಕಿನ ಹೂವು, ವಯರು, ಮೇಜಿನ ಹೊದಿಕೆ ಇವುಗಳನ್ನು ತಟ್ಟೆಗೆ ತಾಗಿಸಿ ಇಡಬೇಡಿ. ಅವುಗಳಲ್ಲಿರುವ ಮೆತ್ತಗಾಗಿಸುವ ಎಣ್ಣೆಯಂಥ ವಸ್ತು ಪಾಲಿಸ್ಟೈರೀನಿಗೆ ಇಳಿದು ಅಚ್ಚು ಮೂಡಿಸುತ್ತದೆ. ಮುಖ್ಯವಾಗಿ, ಜಿರಳೆ ಬಾರದಿರಲಿ ಎಂದು ನುಸಿಗುಳಿಗೆ ಹಾಕಬೇಡಿ. ನ್ಯಾಫ್ತಲೀನಿನ ಆವಿ ಪಾಲಿಸ್ಟೈರೀನನ್ನು ಮೆತ್ತಗೆ ಮಾಡುತ್ತದೆ. ಗ್ಯಾಸಿನ ಒಲೆ ಮತ್ತು ಗೀಸರಿನ ಮೇಲಿನ ಅಟ್ಟ ಬೇಡ, ಕಿಟಕಿಯ ಪಕ್ಕ ಬೇಡ. ಬೆಳಕು ಹೋಗದ ಪೆಟ್ಟಿಗೆಯಲ್ಲಿ ಭಾರವಾದದ್ದು ಕೆಳಗೆ, ತೆಳುವಾದದ್ದು ಮೇಲೆ ಇಡಿ. ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸಿ ಯಾವಾಗ ಕೊಂಡದ್ದು, ಕೊನೆಯ ಭಾರದ ಪರೀಕ್ಷೆ ಯಾವಾಗ, ಯಾವ ಕಂಬಗಳು ನಿವೃತ್ತ ಎಂದು ಬರೆಯಿರಿ. ನಮ್ಮ ನಂತರ ಆ ಪೆಟ್ಟಿಗೆ ತೆರೆಯುವವರಿಗೆ ನಾವು ಕೊಡುವ ಉಪಕಾರ ಅದು.

ಆ ಚೀಟಿ ಬರೆದದ್ದು ನಮ್ಮ ಮನೆಯಲ್ಲಿ ಅತ್ತೆಯವರೇ. ನಡುಗುವ ಕೈಯಿಂದ, ಶಾಲೆಯಲ್ಲಿ ಕಲಿತ ದುಂಡು ಕನ್ನಡ ಅಕ್ಷರದಲ್ಲಿ ಬರೆದರು. ಅದಾದ ಮರುವರ್ಷ ಅವರು ತೀರಿಕೊಂಡರು.

ಈಗ ನನ್ನ ಮಗಳ ಮದುವೆ ಗೊತ್ತಾಗಿದೆ. ಅವಳಿಗೆ ಅಜ್ಜಿಯ ಸೆಟ್ಟೇ ಬೇಕು. ಹೊಸದು ತರೋಣ, ಈಗ ಎಷ್ಟು ಚಂದಚಂದದ್ದು ಸಿಗುತ್ತದೆ ಅಂದೆ. “ಬೇಡ ಅಮ್ಮ, ಅಜ್ಜಿಯದ್ದೇ ಇರಲಿ. ಆದರೆ ಬಿಳಿ ಮಾಡಬೇಡ” ಅಂದಳು. ಹಾಗಾದರೆ ಬಿಳಿ ಕೇಕಿನ ಪಕ್ಕದಲ್ಲಿ ಹಳದಿ ತಟ್ಟೆ ಹೇಗೆ ಕಾಣುತ್ತದೆ? ಅದಕ್ಕೂ ಅವಳ ಹತ್ತಿರ ಉತ್ತರ ಇತ್ತು. ಕೇಕಿಗೇ ಕೆನೆಯ ಬಣ್ಣದ ಐಸಿಂಗು ಮಾಡು ಅಂದಳು. ನೋಡಿ, ನಲವತ್ತು ವರ್ಷ ತಟ್ಟೆಯನ್ನು ಕೇಕಿನ ಬಣ್ಣಕ್ಕೆ ತರಲು ಹೆಣಗಿದ ನಮಗೆ ಕೇಕನ್ನು ತಟ್ಟೆಯ ಬಣ್ಣಕ್ಕೆ ತರಬಹುದೆಂದು ಹೊಳೆದೇ ಇರಲಿಲ್ಲ!

ಪಾಸಾದ ಆರು ಕಂಬಗಳಲ್ಲಿ ನಾಲ್ಕನ್ನು ತೆಗೆದಿಟ್ಟಿದ್ದೇನೆ. ಅವು ಎಲ್ಲಕ್ಕಿಂತ ಮೇಲಿನ, ಎರಡು ಕಿಲೋದ ಸಣ್ಣ ಕೇಕನ್ನು ಹೊರುತ್ತವೆ. ಅದರ ಕೆಳಗಿನ ಅಂತಸ್ತಿಗೆ ಹೊಸ ಕಂಬ. ಬಿರುಕು ಬಿಟ್ಟವು ಭಾರ ಹೊರದೆ ಕಮಾನಿನ ಎರಡು ಪಕ್ಕ ಹೂವು ಹಿಡಿದು ನಿಲ್ಲುತ್ತವೆ. ವಯಸ್ಸಾದವರನ್ನು ಮದುವೆಯಲ್ಲಿ ನಾವು ಹಾಗೆಯೇ ಅಲ್ಲವೇ ಕೂರಿಸುವುದು? ಎದುರಿನ ಸಾಲಿನಲ್ಲಿ, ಕೆಲಸ ಹೇಳದೆ, ಹೂವು ಮುಡಿಸಿ.

ಹೆಬ್ಬೆಟ್ಟಿನ ಗುರುತಿರುವ ಆ ಪಾರಿವಾಳವೂ ಇರುತ್ತದೆ.

ನಿಮ್ಮ ಅಟ್ಟದ ಪೆಟ್ಟಿಗೆಯನ್ನೂ ಈ ಭಾನುವಾರ ಒಮ್ಮೆ ಇಳಿಸಿ ನೋಡಿ. ತೊಳೆಯಿರಿ, ದೀಪಕ್ಕೆ ಹಿಡಿಯಿರಿ, ಅಕ್ಕಿ ಮೂಟೆ ಹೇರಿ. ಬಿಳುಪು ಆಮೇಲಿನ ಮಾತು.